ಚೌಕದ ಕಣ್ಣಿಗೆ ಕಾಡಿಗೆ

‘ಅಕ್ಕೋರ, ಇದು ಫೋನಿಗೆ ಕಾಣವಲ್ದು’ ಎನ್ನುತ್ತಾ ಮೂರನೇ ಇಯತ್ತೆಯ ಹುಡುಗಿ ಕನ್ನಡ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. ನೋಡಿದರೆ ಕ್ಯೂಆರ್ ಚೌಕದ ಮೂರು ಮೂಲೆಗಳಿಗೂ ಕಪ್ಪು ಪೆನ್ನಿನಿಂದ ಕಾಡಿಗೆ ತೀಡಿದ್ದಾಳೆ. ‘ಕಣ್ಣು ರೀ ಅವು. ಬೆಳ್ಳಗಿದ್ವು, ತುಂಬಿದೆ.’

ಕಣ್ಣೆಂದರೆ ಕಣ್ಣೇ. ಆ ಮೂರು ಪೆಟ್ಟಿಗೆಗಳನ್ನು ನೋಡಿಯೇ ಫೋನು ಚೌಕ ಎಲ್ಲಿದೆ, ಯಾವ ಕಡೆ ವಾಲಿದೆ ಎಂದು ತಿಳಿಯುತ್ತದೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ಮಾಡಿದ್ದು ಮೋಟಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆ ಎಲ್ಲವನ್ನೂ ತಡಕಾಡಿ, ಅಚ್ಚಿನಲ್ಲಿ ತೀರ ಅಪರೂಪಕ್ಕೆ ಸಿಗುವ ಕಪ್ಪು-ಬಿಳುಪಿನ ಅಳತೆ ಯಾವುದೆಂದು ಹುಡುಕಿದರಂತೆ. ಸಿಕ್ಕಿದ್ದು 1:1:3:1:1. ನಡುವಿನ ಬಿಳಿ ತುಂಬಿಬಿಟ್ಟರೆ ಆ ಅಳತೆ ಹೋಯಿತು, ಫೋನು ಕುರುಡಾಯಿತು. ಚೌಕದ ಹೊಟ್ಟೆಯೊಳಗೆ ಕಲೆ ಬಿದ್ದರೆ ಮಾತ್ರ ನಡೆದೀತು. ಗಟ್ಟಿಯಾಗಿ ಹೆಣೆದ ಚೌಕವಾದರೆ ನೂರಕ್ಕೆ 30ರಷ್ಟು ಹಾಳಾದರೂ ಓದಿಕೊಳ್ಳುತ್ತದೆ.

ನಾನು ಕಲಿಸುವುದು ಪುಣೆಯ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳ ಮನೆಯವರು ಹೆಚ್ಚಿನಂಶ ಅಫಜಲಪುರ, ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮನೆಯಲ್ಲಿ ಫೋನು ಒಂದೇ. ಬೆಳಗಾದರೆ ಅಪ್ಪನ ಜೇಬಿನಲ್ಲಿ ಅದೂ ಕೆಲಸಕ್ಕೆ ಹೊರಡುತ್ತದೆ. ಹಾಗಾಗಿ ನಮ್ಮ ‘ಡಿಜಿಟಲ್ ವರ್ಗ’ ಎಂದರೆ ನನ್ನ ಫೋನು ಮತ್ತು ಅಂಗೈಯಗಲದ ಒಂದು ಸ್ಪೀಕರ್ ಡಬ್ಬಿ, ಅಷ್ಟೆ.

ಪುಸ್ತಕವಂತೂ ನಮ್ಮ ಊರಿನದೇ. ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿ 1967ರಿಂದ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ತರುತ್ತಿದೆ. ಕನ್ನಡದವೂ ಅಲ್ಲಿಂದಲೇ ಹೊರಟು ಅಕ್ಕಲಕೋಟ, ಜತ್ತದ ಶಾಲೆಗಳನ್ನು ಮುಟ್ಟುತ್ತವೆ. ಈ ಪುಸ್ತಕಗಳಿಗೆ ಚೌಕ ಬಂದ ಕತೆಯ ಬೇರು ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿದೆ. ಅಲ್ಲಿನ ಜಿಲ್ಲಾ ಪರಿಷತ್ ಶಾಲೆಯ ರಣಜಿತಸಿಂಹ ಡಿಸಲೆ ಮಾಸ್ತರರು ಪಾಠಗಳಿಗೆ ತಾವೇ ಕ್ಯೂಆರ್ ಅಂಟಿಸಿ ಹಾಡು, ಕತೆ, ವಿಡಿಯೊ ಸೇರಿಸಿದರು. 2017ರಲ್ಲಿ ರಾಜ್ಯ ಸರ್ಕಾರ ಎಲ್ಲ ಇಯತ್ತೆಗಳ ಪುಸ್ತಕಕ್ಕೂ ಇದನ್ನು ತರುವುದಾಗಿ ಸಾರಿತು. 2020ರ ಡಿಸೆಂಬರಿನಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರೈಜ್ ಬಂದಾಗ, ಅರ್ಧ ಹಣವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪೇಪರಿನವರೆಲ್ಲ ಕ್ಯೂಆರನ್ನು ಹೊಗಳಿದರು. ನನ್ನ ಕಣ್ಣು ನೆಟ್ಟಿದ್ದು ಬೇರೆ ಸಾಲಿನ ಮೇಲೆ: ಅವರು ಮೊದಲು ಮಕ್ಕಳ ಮನೆಮಾತು ಕಲಿತು ಪಾಠಗಳನ್ನು ಅದಕ್ಕೆ ತಂದರಂತೆ, ಆ ಮನೆಮಾತು ಕನ್ನಡವಂತೆ!

ಹುರುಪಿನಲ್ಲಿ ನಾನೂ ನನ್ನ ದನಿಯಲ್ಲೇ ಪಾಠ ಓದಿ, ರೆಕಾರ್ಡ್ ಮಾಡಿ, ಚೌಕ ಮಾಡಿ ಅಂಟಿಸಿದೆ. ಒಬ್ಬ ಹುಡುಗ ಕೇಳಿದ, ‘ನೀವು ಇಲ್ಲೇ ಅದೀರಲ್ರೀ, ಮತ್ತ ಫೋನಿನ್ಯಾಗ ಯಾಕ?’ ನನ್ನ ಬಾಯಲ್ಲಿ ಉತ್ತರವಿರಲಿಲ್ಲ.

ಮರುವಾರ ಸುಗ್ಗಿಯ ಮಾತು ಬಂತು. ನಾನು ಪುಣೆಯಲ್ಲೇ ಹುಟ್ಟಿ ಬೆಳೆದವಳು, ಕಣ ಕಂಡವಳಲ್ಲ. ಸಂಜೆ ಗೇಟಿನ ಹತ್ತಿರ ಕಾಡಿಗೆ ಹುಡುಗಿಯ ತಾಯಿ ಸಿಕ್ಕಳು. ಸಿಮೆಂಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನಿನ ಮುಂದೆ ಎರಡು ನಿಮಿಷ ಮಾತಾಡಿದಳು. ಕಣಕ್ಕೆ ಸಗಣಿ ಸಾರಿಸುವುದು, ಹಂತಿ ಹೊಡೆಯುವುದು, ರಾಶಿ ತೂರುವುದು, ಎಲ್ಲ ಬಂತು. ಅವಳನ್ನು ಕೇಳಿಯೇ ಆ ದನಿಯನ್ನು ವರ್ಗಕ್ಕಷ್ಟೇ ಎಂದು ಇಟ್ಟುಕೊಂಡೆ. ಅದರ ಚೌಕವನ್ನು ಝೆರಾಕ್ಸ್ ಅಂಗಡಿಯವ ಮೊದಲು ಮಸುಕಾಗಿ ತೆಗೆದ, ಫೋನು ಮೂಸಿಯೂ ನೋಡಲಿಲ್ಲ. ಎರಡನೇ ಸಲ ದೊಡ್ಡದಾಗಿ ತೆಗೆಸಿ ಗೋಂದು ಹಚ್ಚಿ ಅಂಟಿಸಿದೆವು.

ಡಬ್ಬಿಯಿಂದ ಆ ದನಿ ಹೊರಟಾಗ ವರ್ಗ ಗಪ್‌ಚುಪ್. ಪಾಠದ ಹೊತ್ತಿನಲ್ಲಿ ಎಂದೂ ತುಟಿ ಎರಡು ಮಾಡದ ಕಾಡಿಗೆ ಹುಡುಗಿ ಎದ್ದು ನಿಂತಳು. ‘ಮೇಟಿ ಅಂದ್ರ ಗೊತ್ತೇನ್ರೀ ಅಕ್ಕೋರ?’ ಗೊತ್ತಿರಲಿಲ್ಲ. ನನ್ನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು ಹಲಗೆಯ ಮೇಲೆ ದುಂಡನೆ ಕಣ ಬರೆದಳು, ನಟ್ಟನಡುವೆ ಒಂದು ಕಂಬ ನಿಲ್ಲಿಸಿದಳು, ಅದರ ಸುತ್ತ ಎತ್ತುಗಳನ್ನು ಕಟ್ಟಿದಳು. ಒಂದು ಎತ್ತಿಗೆ ಐದು ಕಾಲು ಬಂದಿತ್ತು. ನಾನು ತಿದ್ದಲಿಲ್ಲ.

ಅವಳ ಪುಸ್ತಕದ ಕುರುಡು ಚೌಕದ ಮೇಲೂ ಹೊಸದೊಂದು ಅಂಟಿಸಿಕೊಟ್ಟೆ, ಕಣ್ಣಿಗೆ ಕೈ ಹಚ್ಚಬೇಡ ಎಂದೆ. ಮರುದಿನ ನೋಡಿದರೆ ಕಣ್ಣುಗಳು ಹಾಗೇ ಇವೆ, ನಡುವೆ ಒಂದು ಸಣ್ಣ ಕುಂಕುಮದ ಬೊಟ್ಟು. ಫೋನು ಹಿಡಿದೆ. ಓದಿಕೊಂಡಿತು.