ಸುಲ್ತಾನ್ ಬತ್ತೇರಿಯ ಗೋಡೆ ನೆಲವಾದರೆ

ಮಂಗಳೂರಿನಲ್ಲಿ ಕೈಬಿಟ್ಟ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 9.78 ಮೀಟರಿನಷ್ಟು ಏರುತ್ತದೆ. ಧ್ರುವಗಳಲ್ಲಾದರೆ 9.83. ಭೂಮಿ ನಡುವಿನಲ್ಲಿ ಉಬ್ಬಿದೆ, ಸಾಲದ್ದಕ್ಕೆ ತಿರುಗುತ್ತಲೂ ಇದೆ; ಹಾಗಾಗಿ ಸಮಭಾಜಕಕ್ಕೆ ಹತ್ತಿರವಿರುವ ನಮಗೆ ಸೆಳೆತ ತುಸು ಕಡಿಮೆ. ಗೇಮ್ ತಯಾರಿಸುವ ಯೂನಿಟಿ ತಂತ್ರಾಂಶದಲ್ಲಿ ಈ ಸೆಳೆತ ಮೈನಸ್ 9.81 ಎಂದು ಮೊದಲೇ ತುಂಬಿರುತ್ತದೆ. ಮೈನಸ್ ಅಳಿಸಿ, ಎಲ್ಲವೂ ಆಕಾಶಕ್ಕೆ ಬೀಳುತ್ತದೆ!

ಮೆಚ್ಚಿನ ಗೇಮಿಗೆ ಅಭಿಮಾನಿಗಳೇ ಹೊಸ ಲೆವೆಲ್ ಕಟ್ಟುವುದುಂಟು. ಮಂಗಳೂರಿನ ಬೋಳೂರಿನಲ್ಲಿರುವ ಕಾವಲುಗೋಪುರ ಸುಲ್ತಾನ್ ಬತ್ತೇರಿಯನ್ನೇ ಲೆವೆಲ್ ಮಾಡಿದಿರಿ ಎನ್ನಿ. ಗುಂಡಿ ಒತ್ತಿದರೆ ಕರಿಕಲ್ಲಿನ ಗೋಡೆ ನೆಲವಾಗುತ್ತದೆ, ಪಕ್ಕದ ಫಲ್ಗುಣಿ ನದಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಸೆಳೆತದ ದಿಕ್ಕು ತಿರುಗಿಸಲು ಒಂದು ಸಾಲು ಕೋಡ್ ಸಾಕು. ತೊಡಕಿರುವುದು ಜಿಗಿತದಲ್ಲಿ.

ನಾಯಕ 3 ಮೀಟರ್ ಎತ್ತರ ಹಾರಬೇಕು. ಮಂಗಳೂರಿನ ಗುರುತ್ವವನ್ನೇ ಕೊಟ್ಟರೆ ಹಾರಿ ಇಳಿಯಲು 1.57 ಸೆಕೆಂಡ್ ಬೇಕು. ಭೌತಶಾಸ್ತ್ರಕ್ಕೆ ಇದು ಸರಿ, ಆಡುವವರಿಗೆ ಬಲೂನು ತೇಲಿದಂತೆ. ಆದ್ದರಿಂದ ಲೆಕ್ಕವನ್ನು ತಿರುಗಿಸಬೇಕು: ತುದಿ ಮುಟ್ಟಲು 0.4 ಸೆಕೆಂಡ್ ಸಾಕೆಂದು ಮೊದಲೇ ನಿಶ್ಚಯಿಸಿ. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ 37.5, ಅಂದರೆ ನಮ್ಮೂರಿನದರ ಸುಮಾರು ನಾಲ್ಕು ಪಟ್ಟು. ನೆಲ ಬಿಡುವಾಗಿನ ವೇಗ ಸೆಕೆಂಡಿಗೆ 15 ಮೀಟರ್. ಸುಳ್ಳು ಗುರುತ್ವವೇ ಕೈಗೆ ನಿಜವೆನಿಸುತ್ತದೆ.

ಈಗ ನಾಯಕ ಅದೇ 15 ಮೀಟರ್ ವೇಗದಲ್ಲಿ ಬೀಳುತ್ತಿರುವಾಗ ಗುರುತ್ವವನ್ನು ಬುಡಮೇಲು ಮಾಡಿ. ಅವನು ತಕ್ಷಣ ಮೇಲಕ್ಕೆ ತಿರುಗುವುದಿಲ್ಲ. ಜಡತ್ವದಿಂದ ಇನ್ನೂ 0.4 ಸೆಕೆಂಡ್, ಪೂರಾ 3 ಮೀಟರ್, ಬೀಳುತ್ತಲೇ ಇರುತ್ತಾನೆ. ಗುಂಡಿ ಕೆಟ್ಟಿದೆ ಎಂದು ಆಟಗಾರ ಬಯ್ಯುತ್ತಾನೆ! ಟೆರ್ರಿ ಕ್ಯಾವನಾ 2010ರಲ್ಲಿ ತಂದ 'ವಿವಿವಿವಿವಿವಿ' ಗೇಮಿನಲ್ಲಿ ಕಾಲು ಎಲ್ಲಾದರೂ ಊರಿದ್ದಾಗ ಮಾತ್ರ ಗುರುತ್ವ ತಿರುಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಜಾಣ ನಿರ್ಬಂಧ ಇನ್ನೊಂದಿಲ್ಲ.

ಇನ್ನು ಕ್ಯಾಮೆರಾ. ನಮ್ಮ ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ಕೆಳದಿಕ್ಕು ಯಾವುದೆಂದು ಮಿದುಳಿಗೆ ಸದಾ ತಿಳಿಸುತ್ತಿರುತ್ತವೆ. ಪರದೆ ಗಿರ್ರನೆ ತಿರುಗಿದರೆ ಕಣ್ಣು ಒಂದು ಹೇಳುತ್ತದೆ, ಕುರ್ಚಿಯಲ್ಲಿ ಕೂತವರ ಕಿವಿ ಇನ್ನೊಂದು. ಹಲವರಿಗೆ ವಾಕರಿಕೆ ಬರುವುದು ಇದರಿಂದಲೇ. 2007ರ 'ಸೂಪರ್ ಮಾರಿಯೋ ಗ್ಯಾಲಕ್ಸಿ'ಯ ಪುಟ್ಟ ಗ್ರಹಗಳಲ್ಲಿ ಮಾರಿಯೋ ತಲೆಕೆಳಗಾಗಿ ಓಡುವಾಗಲೂ ಕ್ಯಾಮೆರಾ ಎಷ್ಟೋ ಕಡೆ ಅವನ ಜೊತೆ ಪಲ್ಟಿ ಹೊಡೆಯುವುದಿಲ್ಲ.

ಲೆವೆಲ್ ಕಟ್ಟುವವರು ಗುರುತ್ವದ ಸಂಖ್ಯೆಯನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಜಿಗಿತದ ಎತ್ತರ, ಕಾಲ ತೀರ್ಮಾನಿಸಿ. ಆಮೇಲೆ ಆ ಗೇಮನ್ನೇ ಮುಟ್ಟದ ಒಬ್ಬರ ಕೈಗೆ ಕೊಟ್ಟು ನೋಡಿ.