ಜಜ್ಜಿದ ಮೇಲಷ್ಟೇ ಬಳ್ಳೊಳ್ಳಿ

ರಾಣೆಬೆನ್ನೂರಿನ ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಬಳ್ಳೊಳ್ಳಿಯ, ಅಂದರೆ ಬೆಳ್ಳುಳ್ಳಿಯ, ಎರಡು ಗುಡ್ಡೆ. ಒಂದು ಮಧ್ಯಪ್ರದೇಶದಿಂದ ಲಾರಿಯಲ್ಲಿ ಬಂದ ದಪ್ಪ, ಬಿಳಿಯ ಗಡ್ಡೆಗಳದ್ದು. ಇನ್ನೊಂದು ನಮ್ಮ ಸೀಮೆಯ ಜವಾರಿ. ಸಣ್ಣ ಗಡ್ಡೆ, ಕಿರುಬೆರಳ ಉಗುರಿನಷ್ಟು ಎಸಳು. ಯಾವುದನ್ನು ಕೊಳ್ಳಲೆಂದು ನಿಂತಿದ್ದೆ. ಮಾರುವ ಅಜ್ಜಿ ಜವಾರಿಯ ಎಸಳೊಂದನ್ನು ಹೆಬ್ಬೆರಳಲ್ಲಿ ಒತ್ತಿ ನನ್ನ ಮೂಗಿಗೆ ಹಿಡಿದಳು.

‘ಸುಲಿಯಾಕ ಬ್ಯಾಸರ ಮಾಡ್ಕೋಬ್ಯಾಡ್ರಿ. ಅದು ನಾಕು ಹಾಕೋ ಕಡಿ ಇದು ಎರಡು ಹಾಕ್ರಿ, ಸಾಕು.’

ರಾಣೆಬೆನ್ನೂರು ಬೀಜದ ಊರು. ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜ ಇಲ್ಲಿಯ ಹೊಲಗಳಲ್ಲಿ ತಯಾರಾಗಿ ದೂರದೂರಕ್ಕೆ ಹೋಗುತ್ತದೆ. ಬಳ್ಳೊಳ್ಳಿಗೆ ಮಾತ್ರ ಅಂಥ ಪೊಟ್ಟಣ ಬೇಕಿಲ್ಲ. ಗಡ್ಡೆ ಬಿಡಿಸಿ ಎಸಳನ್ನೇ ಊರುತ್ತಾರೆ. ಮುಂಗಾರಿಗೆ ಊರಿದ್ದು ನಾಲ್ಕು ತಿಂಗಳಿಗೆ ಗರಿ ಹಳದಿಯಾಗಿ ಬಾಗುತ್ತದೆ. ಕಿತ್ತು, ಗರಿಸಮೇತ ಹೆಣೆದು ಜಂತಿಗೆ ತೂಗುಹಾಕಿದರೆ ಈ ವರ್ಷದ ಒಗ್ಗರಣೆಯೂ ಅದೇ, ಮುಂದಿನ ವರ್ಷದ ಬೀಜವೂ ಅದೇ. 2024ರ ಆರಂಭದಲ್ಲಿ ಕಿಲೋ ಬೆಲೆ 400 ರೂಪಾಯಿ ದಾಟಿದಾಗ ಜಂತಿಯ ಆ ಜಡೆ ಇದ್ದ ಮನೆಯೇ ಸಿರಿವಂತ ಮನೆ ಅನಿಸಿತ್ತು.

ಬಳ್ಳೊಳ್ಳಿಯ ಗುಣ ನೋಡಬೇಕಾದದ್ದು ಒಳಕಲ್ಲಿನಲ್ಲಿ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಗಿಡದಲ್ಲೇ ಹಣ್ಣಾಗಿ ಇನ್ನೂ ಒಣಗದೆ ಇರುವ ದಿನಗಳಲ್ಲಿ ಮನೆಮನೆಯಲ್ಲಿ ಕೆಂಪಿಂಡಿಯ ಸಡಗರ. ರಂಜಕ ಎಂದರೂ ಅದೇ. ತೊಟ್ಟು ತೆಗೆದ ಹಣ್ಣುಕಾಯಿ, ಹರಳುಪ್ಪು, ಜೀರಿಗೆ, ಹುರಿದ ಮೆಂತ್ಯೆ, ಬೊಗಸೆ ತುಂಬ ಬಳ್ಳೊಳ್ಳಿ. ಗುಂಡುಕಲ್ಲು ಉರುಳಿದಂತೆ ಮೊದಲು ಮೂಗಿಗೆ ಘಾಟು, ಆಮೇಲೆ ಕಣ್ಣಿಗೆ ನೀರು. ಕೊನೆಗೆ ಲಿಂಬಿಹಣ್ಣು ಹಿಂಡುತ್ತಾರೆ. ಬಿಸಿ ಜೋಳದ ರೊಟ್ಟಿಯ ಮೇಲೆ ಅದನ್ನು ಸವರಿ, ನಡುವೆ ಕುಳಿ ಮಾಡಿ ಶೇಂಗಾ ಎಣ್ಣೆ ಬಿಟ್ಟುಕೊಂಡರೆ ಪಲ್ಯದ ನೆನಪೇ ಆಗುವುದಿಲ್ಲ. ಆಯುರ್ವೇದದಲ್ಲಿ ಬೆಳ್ಳುಳ್ಳಿಗೆ ‘ರಸೋನ’ ಎಂಬ ಹೆಸರಿದೆ: ಆರು ರಸಗಳಲ್ಲಿ ಒಂದು ಊನ, ಅದು ಹುಳಿ. ಆ ಊನವನ್ನು ನಮ್ಮ ಹೆಂಗಸರು ಲಿಂಬಿಯಿಂದ ತುಂಬಿದ್ದಾರೆ.

ಒಗ್ಗರಣೆಗೆ ಕೂತಾಗ ಅವ್ವ ಹೇಳುತ್ತಿದ್ದ ಮಾತು ಬೇರೆ. ‘ಜಜ್ಜಿದ ಕೂಡ್ಲೆ ಎಣ್ಣಿಗೆ ಹಾಕಬ್ಯಾಡ. ತಡಿ, ಅದಕ್ಕ ಸಿಟ್ಟು ಬರಲಿ.’ ಆ ಸಿಟ್ಟಿನ ಹೆಸರು ಅಲಿಸಿನ್. ಇಡೀ ಎಸಳಿನಲ್ಲಿ ಅದು ಇರುವುದೇ ಇಲ್ಲ. ಅಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ; ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಬೆಂಕಿ ಆ ಕಿಣ್ವವನ್ನು ಕೊಲ್ಲುತ್ತದೆ. ಆದ್ದರಿಂದ ಜಜ್ಜಿ ಹತ್ತು ನಿಮಿಷ ಬಿಡುವುದು ಶಾಸ್ತ್ರಕ್ಕೂ ಸರಿ. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಅಲಿಸಿನ್ನನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾಗಳನ್ನು ತಡೆಯುವ ಅದರ ಶಕ್ತಿಯನ್ನು ತೋರಿಸಿದರು.

ರಕ್ತದ ಒತ್ತಡವನ್ನೂ ಕೊಬ್ಬನ್ನೂ ಬಳ್ಳೊಳ್ಳಿ ಒಂದಿಷ್ಟು ಇಳಿಸಬಲ್ಲದು. ಹಾಗೆಂದು ಬಿ.ಪಿ. ಗುಳಿಗೆ ಬಿಟ್ಟು ಎಸಳು ನುಂಗುವುದು ತಪ್ಪು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ಹೊರಟವರು ಹಸಿ ಬಳ್ಳೊಳ್ಳಿ ಹೆಚ್ಚು ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ಹಸಿಯದನ್ನು ಅರೆದು ಚರ್ಮಕ್ಕೆ ಕಟ್ಟಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಅದರಲ್ಲಿ ಜೀವಕ್ಕೇ ಎರವಾಗುವ ವಿಷ ಹುಟ್ಟಬಹುದು.

ಸಂತೆಗೆ ಹೋದಾಗ ಜವಾರಿ ಗಡ್ಡೆಯನ್ನು ಕೇಳಿ ತನ್ನಿ. ಕೇಳುವವರಿದ್ದರೆ ಮುಂದಿನ ಮುಂಗಾರಿಗೆ ಅದನ್ನು ಊರುವ ಮನಸ್ಸು ರೈತರಿಗೆ ಬರುತ್ತದೆ. ಮನೆಗೆ ತಂದದ್ದನ್ನು ಒಲೆ ಹೊತ್ತಿಸುವ ಮೊದಲೇ ಜಜ್ಜಿಡಿ.