ಫಿಯಾಟೋ, ಅಂಬಾಸಿಡರೋ?

ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದ, ವಯಸ್ಸು ಐವತ್ತು ದಾಟಿದ ಯಾರನ್ನಾದರೂ ಕೇಳಿರಿ. ಬಾಲ್ಯದಲ್ಲಿ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಒಂದು ವಾದ ಅವರಿಗೆ ನೆನಪಿದ್ದೇ ಇರುತ್ತದೆ. ಮದುವೆಗೆ ಬಂದ ಸೋದರಮಾವಂದಿರು, ಚಾದರದ ವ್ಯಾಪಾರಸ್ಥರು, ಅಂಗಳದ ಬೇವಿನ ನೆರಳಿನಲ್ಲಿ ಬೀಡಿ ಸೇದುತ್ತ ಕುಳಿತ ಡ್ರೈವರು, ಎಲ್ಲರೂ ಅದರಲ್ಲಿ ಪಕ್ಷ ವಹಿಸುತ್ತಿದ್ದರು. ಕಾರು ಕೊಳ್ಳುವ ಶಕ್ತಿ ಅವರಲ್ಲಿ ಹತ್ತರಲ್ಲೊಬ್ಬರಿಗೂ ಇರಲಿಲ್ಲ. ಆದರೆ ಫಿಯಾಟು ಮೇಲೋ ಅಂಬಾಸಿಡರು ಮೇಲೋ ಎಂಬ ಪ್ರಶ್ನೆಗೆ ಉತ್ತರವಿಲ್ಲದವರು ಒಬ್ಬರೂ ಇರಲಿಲ್ಲ.

ಆ ವಾದವು ಈಗ ಬೇರೊಂದು ಕಾರಣದಿಂದ ಮತ್ತೆ ತಲೆಯೆತ್ತಿದೆ. ನಮ್ಮ ಕಡೆಯ ಹಳೆಯ ವಾಡೆಗಳ ಓಣಿಗಳಲ್ಲಿ, ಅಕ್ಕಲಕೋಟೆ ಜತ್ತಗಳ ಗೌಡರ ಅಂಗಳಗಳಲ್ಲಿ, ತಾಡಪತ್ರಿಯ ಕೆಳಗೆ ಇಂದಿಗೂ ಇಂಥ ಗಾಡಿಗಳು ನಿಂತಿವೆ. ಅಜ್ಜ ತೀರಿಕೊಂಡಿದ್ದಾನೆ, ಮಗನಿಗೆ ಅದು ಜಾಗ ತಿನ್ನುವ ವಸ್ತು, ಪುಣೆಯಲ್ಲಿ ಕೆಲಸಕ್ಕಿರುವ ಮೊಮ್ಮಗನಿಗೆ ಮಾತ್ರ ಅದನ್ನು ಮತ್ತೆ ಓಡಿಸುವ ಹಂಬಲ. ಗುಜರಿಯವನು ಬಾಗಿಲಿಗೆ ಬಂದು ತೂಕದ ಲೆಕ್ಕ ಹೇಳುತ್ತಾನೆ. ಉಳಿಸಿಕೊಳ್ಳಬೇಕೋ ಕೊಟ್ಟುಬಿಡಬೇಕೋ ಎಂದು ತೀರ್ಮಾನಿಸುವ ಮೊದಲು ಆ ಗಾಡಿ ಎಂಥದು, ಯಾವ ಕೆಲಸಕ್ಕೆ ಹುಟ್ಟಿದ್ದು ಎಂಬುದನ್ನು ಅರಿಯುವುದು ಲೇಸು.

ಫಿಯಾಟಿನ ವಿಷಯದಲ್ಲಿ ಸೊಲ್ಲಾಪುರದವರಿಗೆ ತುಸು ಹೆಚ್ಚಿನ ಅಭಿಮಾನವಿದ್ದರೆ ಅದು ಅಕಾರಣವಲ್ಲ. ಅದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು 1944ರಲ್ಲಿ ಸ್ಥಾಪಿಸಿದ ವಾಲಚಂದ ಹೀರಾಚಂದರು 1882ರಲ್ಲಿ ಜನಿಸಿದ್ದು ಇದೇ ಊರಿನಲ್ಲಿ. ಈ ದೇಶದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು, ಆ ಪ್ರಯತ್ನದಲ್ಲಿ ಅವರಿಗೆ ಜೊತೆಯಾದವರು ವಾಲಚಂದರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದ ಕೈಯೂ ಇದೇ. ಮುಂಬಯಿಯ ಕುರ್ಲಾದಲ್ಲಿ ಮೊದಲು ಅಮೆರಿಕದ ಡಾಜ್, ಡಿಸೋಟೋ ಗಾಡಿಗಳ ಜೋಡಣೆ ನಡೆಯಿತು. 1950ರ ದಶಕದಲ್ಲಿ ಇಟಲಿಯ ಫಿಯಾಟ್ 1100 ಬಂತು. ಅದರ ಮೊದಲ ಮಾದರಿಯ ಉಬ್ಬಿದ ಮೂತಿಯನ್ನು ಕಂಡ ಮುಂಬಯಿಗರು ಅದನ್ನು ‘ಡುಕ್ಕರ್ ಫಿಯಾಟ್’ ಎಂದು ಕರೆದರು. ಹಂದಿಗೆ ಹೋಲಿಸಿದ್ದರಲ್ಲಿ ತಿರಸ್ಕಾರಕ್ಕಿಂತ ಸಲಿಗೆಯೇ ಹೆಚ್ಚಿತ್ತು. 1964ರ ಸುಮಾರಿಗೆ ಚೌಕ ಮೈಕಟ್ಟಿನ ‘ಡಿಲೈಟ್’ ಬಂತು. 1970ರ ದಶಕದಲ್ಲಿ ಅದೇ ಗಾಡಿ ‘ಪ್ರೆಸಿಡೆಂಟ್’ ಎನಿಸಿ, ತರುವಾಯ ಚಿತ್ತೂರಿನ ರಾಣಿಯ ಹೆಸರಿನಿಂದ ‘ಪದ್ಮಿನಿ’ ಆಯಿತು.

ಪ್ರತಿಪಕ್ಷದ ಅಂಬಾಸಿಡರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯ ಅವತಾರ; ಅದರ ನೆಲೆ ಬಂಗಾಲದ ಉತ್ತರಪಾರಾ. ಮೂರನೆಯದು ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಲ್ಲಿ ರಸ್ತೆಗಿಳಿದ ಇದನ್ನು ಪಡಸಾಲೆಯ ವಾದದಲ್ಲಿ ಎತ್ತುತ್ತಿದ್ದವರು ಕಡಿಮೆ. ಎತ್ತಿದವರು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ.

ಇವುಗಳ ಸ್ವಭಾವಭೇದವನ್ನು ತಿಳಿಯಲು ಇಂಜಿನ್ನಿನ ಒಳಗೆ ತುಸು ಇಣುಕಬೇಕು. ಅಂಬಾಸಿಡರಿನ ಸಿಲಿಂಡರಿನ ಅಗಲ ಸುಮಾರು 73 ಮಿಲಿಮೀಟರು. ಪಿಸ್ಟನ್ನು ಏರಿಳಿಯುವ ದೂರ ಸುಮಾರು 89. ನಾಲ್ಕೂ ಸೇರಿ 1489 ಸಿ.ಸಿ. ಫಿಯಾಟಿನಲ್ಲಿ ಅಗಲ 68, ಏರಿಳಿತ 75. ಒಟ್ಟು 1089 ಸಿ.ಸಿ. ಉದ್ದ ಏರಿಳಿತದ ಇಂಜಿನ್ನು ಬಾವಿಯಿಂದ ಮೊಟ್ಟೆ ಎಳೆಯುವ ಎತ್ತಿನಂತೆ. ನಿಧಾನ ತಿರುಗುವಾಗಲೂ ಎಳೆಯುವ ಬಲ ಅದರಲ್ಲಿರುತ್ತದೆ. ಗಾಣಗಾಪುರಕ್ಕೆ ಹೊರಟ ಒಂಬತ್ತು ಮಂದಿ, ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಬುತ್ತಿಯ ಗಂಟು, ಮೇಲೆ ಹಾಸಿಗೆಯ ಸುರುಳಿ. ಎದುರಿಗೆ ಎತ್ತಿನ ಬಂಡಿ ಬಂದು ವೇಗ ತಗ್ಗಿದರೂ ಅಂಬಾಸಿಡರಿನ ಚಾಲಕನು ಗೇರು ಬದಲಿಸುವ ಗೊಡವೆಗೆ ಹೋಗುತ್ತಿರಲಿಲ್ಲ. ಫಿಯಾಟಿನಲ್ಲಿ ಅದು ಸಾಗದು. ಅದರ ಇಂಜಿನ್ನಿಗೆ ಸುತ್ತು ಬೇಕು. ಸಕಾಲದಲ್ಲಿ ಕೆಳಗಿನ ಗೇರಿಗೆ ತಂದು, ಕಾಲೊತ್ತಿ, ಅದು ಸಣ್ಣ ದನಿಯಲ್ಲಿ ಹಾಡತೊಡಗಿದಾಗಲೇ ಅದರ ನಿಜವಾದ ಗುಣ ತಿಳಿಯುವುದು. ಮೊದಲ ಗೇರಿಗೆ ಸಿಂಕ್ರೋಮೆಷ್ ಇಲ್ಲದ ಕಾಲ. ಅವಸರ ಮಾಡಿದರೆ ಹಲ್ಲು ಕಚ್ಚಿದ ಸದ್ದು ಓಣಿಗೆಲ್ಲ ಕೇಳುತ್ತಿತ್ತು.

ಆದುದರಿಂದ ನಾನು ಹೇಳುವುದಿಷ್ಟು: ಅಂಬಾಸಿಡರು ಹಿಂದಿನ ಆಸನದಲ್ಲಿ ಕುಳಿತವನ ಗಾಡಿ, ಫಿಯಾಟು ಮುಂದೆ ಕುಳಿತು ತಾನೇ ನಡೆಸುವವನ ಗಾಡಿ. ಮಂತ್ರಿಗಳು, ಜಿಲ್ಲಾಧಿಕಾರಿಗಳು, ದೊಡ್ಡ ಒಕ್ಕಲುತನದ ಮನೆಗಳು ಮೊದಲನೆಯದನ್ನು ಆರಿಸಿದವು. ಡಾಕ್ಟರು, ವಕೀಲರು, ಪ್ರಾಧ್ಯಾಪಕರು ಎರಡನೆಯದನ್ನು. ಲಾಲ್ ಬಹಾದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಮನೆಯವರ ಒತ್ತಾಯಕ್ಕೆ ಕೊಂಡದ್ದು ಫಿಯಾಟೇ. 12,000 ರೂಪಾಯಿಯ ಆ ಗಾಡಿಗೆ ಅವರು ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿದ್ದರು. 1966ರಲ್ಲಿ ಅವರು ನಿಧನರಾದ ಮೇಲೆ ಲಲಿತಾದೇವಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಗಾಡಿ ದಿಲ್ಲಿಯ ಅವರ ಸ್ಮಾರಕದಲ್ಲಿದೆ.

ಹಾಗೆಂದು ಸ್ವಭಾವವೊಂದೇ ಆಯ್ಕೆಯನ್ನು ನಿರ್ಧರಿಸಿತೆನ್ನಲಾಗದು. ಮುಂಬಯಿಯ ಟ್ಯಾಕ್ಸಿಯೆಲ್ಲ ಫಿಯಾಟಾಗಿ, ಕಲಕತ್ತೆಯ ಟ್ಯಾಕ್ಸಿಯೆಲ್ಲ ಅಂಬಾಸಿಡರಾದುದಕ್ಕೆ ಕಾರಣ ಸಾಮೀಪ್ಯವೇ ಹೊರತು ರುಚಿಭೇದವಲ್ಲ. ಒಂದಕ್ಕೆ ಕುರ್ಲಾ ಹತ್ತಿರ, ಮತ್ತೊಂದಕ್ಕೆ ಉತ್ತರಪಾರಾ. ಬಿಡಿಭಾಗ ಎಲ್ಲಿ ಸಿಗುವುದೋ, ಮಿಸ್ತ್ರಿಯ ಕೈ ಯಾವುದಕ್ಕೆ ಪಳಗಿದೆಯೋ ಅದೇ ಒಳ್ಳೆಯ ಗಾಡಿ. ನಮ್ಮ ಊರು ಮುಂಬಯಿಯ ರೈಲುದಾರಿಯ ಮೇಲಿರುವುದರಿಂದ ಫಿಯಾಟಿನ ಕ್ಲಚ್ಚು ಪ್ಲೇಟು ರಾತ್ರಿ ಹೊರಟು ಬೆಳಿಗ್ಗೆ ಬಂದಿಳಿಯುತ್ತಿತ್ತು. ಹೆರಾಲ್ಡಿನ ಯಜಮಾನನು ಮದ್ರಾಸಿನ ಮುಖ ನೋಡುತ್ತ ವಾರಗಟ್ಟಲೆ ಕಾಯಬೇಕಾಗಿತ್ತು.

ಆಯ್ಕೆ ಎಂಬ ಮಾತೇ ಆಗ ಸಲ್ಲದು ಎನ್ನುವವರೂ ಇದ್ದಾರೆ, ಅದರಲ್ಲಿ ಸತ್ಯವಿದೆ. ಹೊರದೇಶದ ಕಾರಿಗೆ ಬಾಗಿಲು ಮುಚ್ಚಿತ್ತು. ಎಷ್ಟು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು, ಯಾವ ಬೆಲೆಗೆ ಮಾರಬೇಕೆಂಬುದಕ್ಕೆ ಸರಕಾರದ ಆಜ್ಞೆ. ಆ ಬೆಲೆಯ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಪಾಯಿತು. ಫಿಯಾಟಿಗೆ ಹಣ ಕಟ್ಟಿದವನು ವರ್ಷಗಟ್ಟಲೆ ಕಾಯುತ್ತಿದ್ದ. ಪಾಳಿ ಬಂದೊಡನೆ ಕಾಗದವನ್ನೇ ಲಾಭಕ್ಕೆ ಮಾರಿಬಿಡುತ್ತಿದ್ದವರೂ ಉಂಟು. ಮಗಳ ಮದುವೆಗೆಂದು ಹೆಸರು ಬರೆಸಿದ ಗಾಡಿ ಮೊಮ್ಮಗುವಿನ ಜಾವಳಕ್ಕೆ ಬಂತೆಂಬ ನಗೆಮಾತು ಹುಟ್ಟಿದ್ದು ಸುಮ್ಮನೆ ಅಲ್ಲ.

ಇನ್ನು ಹೆರಾಲ್ಡು. ಅದನ್ನು ಬಲ್ಲವರಿಗೆ ಅದರ ಮೇಲಿನ ಮೋಹ ಹೋಗದು. ಇಟಲಿಯ ಮಿಕೆಲೋಟಿ ಬಿಡಿಸಿದ ಚೆಲುವಾದ ಮೈಕಟ್ಟು. ಕೇವಲ 948 ಸಿ.ಸಿ.ಯ ಇಂಜಿನ್ನು, ಉಳಿದೆರಡರಲ್ಲಿ ಗೇರು ಸ್ಟಿಯರಿಂಗಿನ ಬುಡದಲ್ಲಿ ಚಾಚಿಕೊಂಡಿದ್ದರೆ, ಇದರಲ್ಲಿ ನೆಲದಿಂದ ಎದ್ದ ಗಿಡ್ಡ ಗೇರು ಅಂಗೈಗೆ ಒಗ್ಗುವಂತಿತ್ತು. ಮುಂದಿನ ಚಕ್ರಗಳು ಎಷ್ಟು ಹೊರಳುತ್ತಿದ್ದವೆಂದರೆ 25 ಅಡಿಯ ವೃತ್ತದಲ್ಲಿ ಗಾಡಿ ಪೂರ್ತಿ ತಿರುಗಿ ನಿಲ್ಲುತ್ತಿತ್ತು. ಬಾನೆಟ್ಟು, ಎರಡು ಪಕ್ಕದ ಮಡ್‌ಗಾರ್ಡುಗಳ ಸಮೇತ, ಒಂದೇ ತುಂಡಾಗಿ ಮುಂದಕ್ಕೆ ಬಾಗುತ್ತಿತ್ತು. ಮಿಸ್ತ್ರಿಯು ಚಕ್ರದ ಮೇಲೆಯೇ ಕುಳಿತು ಕಾರ್ಬ್ಯುರೇಟರು ಬಿಚ್ಚಬಹುದು. ಅಷ್ಟು ಸೌಕರ್ಯವನ್ನು ಇಂದಿನ ಯಾವ ಕಾರೂ ಕೊಡುವುದಿಲ್ಲ.

ಆದರೆ ಅದರ ಹಿಂದಿನ ಚಕ್ರಗಳ ಜೋಡಣೆ ವಿಚಿತ್ರ. ಫಿಯಾಟು, ಅಂಬಾಸಿಡರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಹಿಡಿದಿರುತ್ತದೆ. ಎರಡು ಪಟ್ಟಿ ಸ್ಪ್ರಿಂಗುಗಳು ಅದರ ಭಾರ ಹೊರುತ್ತವೆ. ಹಳೆಯ ಹೆರಾಲ್ಡಿನಲ್ಲಿ ಅಚ್ಚು ನಡುವೆ ತುಂಡಾಗಿ, ಒಂದೊಂದು ಚಕ್ರವೂ ಹಕ್ಕಿಯ ರೆಕ್ಕೆಯಂತೆ ತಾನೇ ಏರಿಳಿಯುತ್ತದೆ. ಒಂದು ಚಕ್ರ ತಗ್ಗಿಗೆ ಬಿದ್ದರೆ ಇನ್ನೊಂದಕ್ಕೆ ತಿಳಿಯದು. ಒಬ್ಬನೇ ಹೋಗುವಾಗ ಸವಾರಿ ಹಿತ. ರಭಸದಿಂದ ತಿರುವು ತೆಗೆದುಕೊಂಡರೆ ಮಾತ್ರ, ಹೊರಬದಿಯ ಚಕ್ರ ಗಾಡಿಯ ಕೆಳಗೆ ಮಡಚಿಕೊಂಡು ಹಿಂಭಾಗ ಜಾರಿಬಿಡುತ್ತದೆ. ಮದ್ರಾಸಿನ ಬಳಿಯ ಶೋಲಾವರಂ ವಿಮಾನನೆಲೆಯ ಪಂದ್ಯಗಳಲ್ಲಿ ಹೆರಾಲ್ಡು ಓಡಿಸಿದವರಿಗೆ ಅದೇ ಆಟ, ಅದೇ ಕೌಶಲ. ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಗೃಹಸ್ಥನಿಗೆ ಅದು ಆಟವಲ್ಲ. ಮುಂದೆ ಬಂದ ‘ಗೆಜೆಲ್’ ಮಾದರಿಯಲ್ಲಿ ಕಂಪನಿಯವರೇ ಗಟ್ಟಿ ಅಚ್ಚಿಗೆ ಮರಳಿದರು. ಹೆರಾಲ್ಡಿನ ಭಕ್ತರು ಅದನ್ನು ಇಂದಿಗೂ ಕ್ಷಮಿಸಿಲ್ಲ.

ನಮ್ಮ ಸೀಮೆಯ ರಸ್ತೆಗಳಿಗೆ ಯಾವುದು ಸರಿಯಾಗಿತ್ತು? ವಿಜಯಪುರದ ಕಡೆಗಾಗಲಿ ಜತ್ತದ ಕಡೆಗಾಗಲಿ ಹೊರಟರೆ ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಡಾಂಬರು ನಿಲ್ಲುವುದು ಕಷ್ಟ. ಅಂಬಾಸಿಡರಿನ 15 ಅಂಗುಲದ ಚಕ್ರ ತಗ್ಗನ್ನು ದಾಟಿಹೋಗುತ್ತಿತ್ತು. ಫಿಯಾಟಿನ 14 ಅಂಗುಲದ್ದು ಅದನ್ನು ಎಣಿಸಿ ಹೇಳುತ್ತಿತ್ತು. ಹೆರಾಲ್ಡಿನ 13 ಅಂಗುಲದ್ದು ಅದರೊಳಗೆ ಇಳಿದು ನೋಡುತ್ತಿತ್ತು. ಇತ್ತ ಪೇಟೆಯ ಇಕ್ಕಟ್ಟಿನಲ್ಲಿ, ಸಿದ್ಧೇಶ್ವರನ ಗಡ್ಡೆಯ ಜಾತ್ರೆಯ ದಿನಗಳಲ್ಲಿ, ಅಂಬಾಸಿಡರನ್ನು ಹೊರಳಿಸುವುದೆಂದರೆ ತೋಳಿಗೆ ಅಂಗಸಾಧನೆ; ಹಗುರ ಮೈಯ ಫಿಯಾಟು ಸಂದಿಯಲ್ಲಿ ನುಸುಳುತ್ತಿತ್ತು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಮಾತ್ರ ಇವೆಲ್ಲ ಸಮಾನ ದುಃಖಿಗಳು. ಪೆಟ್ರೋಲು ಪಂಪಿಗೆ ಬರುವ ಮೊದಲೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಹೆಂಗಸರು ಕೊಡದ ನೀರಿನಲ್ಲಿ ಅದ್ದಿಕೊಟ್ಟ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಮರದ ನೆರಳಿನಲ್ಲಿ ಅರ್ಧ ಗಂಟೆ ಕೂರುವುದು ಪ್ರವಾಸದ ಒಂದು ಅಂಗವೇ ಆಗಿತ್ತು.

1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟ ದಿನವೇ ಈ ಮೂವರ ಪಂದ್ಯ ಮುಗಿಯಿತೆನ್ನಬೇಕು. 12 ಅಂಗುಲದ ಚಕ್ರ, 796 ಸಿ.ಸಿ., ಮೂರೇ ಸಿಲಿಂಡರು. ನಮ್ಮ ಮಿಸ್ತ್ರಿಗಳು ಮೊದಲು ನಕ್ಕರು. ವಿನೋದವೆಂದರೆ, ಅದರ ಸಿಲಿಂಡರಿನ ಅಗಲ 68.5 ಮಿಲಿಮೀಟರು, ಏರಿಳಿತ 72; ಹೆಚ್ಚುಕಡಿಮೆ ಫಿಯಾಟಿನ ಅಳತೆಯೇ, ಒಂದು ಸಿಲಿಂಡರು ಕಡಿಮೆ, ಅಷ್ಟೆ. ಆದರೆ ಗಾಡಿಯ ತೂಕ ಅಂಬಾಸಿಡರಿಗಿಂತ ಬಹಳ ಕಡಿಮೆ, ಇಂಜಿನ್ನಿನ ಬಲ ಮುಂದಿನ ಚಕ್ರಗಳಿಗೇ ಸಲ್ಲುವುದರಿಂದ ನಡುವೆ ಉದ್ದನೆಯ ದಂಡವೂ ಇಲ್ಲ. ಚಳಿಯ ಬೆಳಗಿನಲ್ಲಿ ಒಂದೇ ಸಲಕ್ಕೆ ಹೊತ್ತಿಕೊಳ್ಳುವ ಕಾರನ್ನು ಜನ ಮೊದಲ ಸಲ ಕಂಡರು. ಸ್ಟ್ಯಾಂಡರ್ಡ್ ಕಂಪನಿ 1980ರ ದಶಕದಲ್ಲಿಯೇ ಕಾರು ನಿಲ್ಲಿಸಿತು. ಪದ್ಮಿನಿ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಅಂಬಾಸಿಡರು 2014ರ ಮೇ ತಿಂಗಳಲ್ಲಿ. ಅವುಗಳನ್ನು ಗೆದ್ದ ಮಾರುತಿ 800 ಕೂಡ ಅದೇ ವರ್ಷದ ಆರಂಭದಲ್ಲಿ ಮುಗಿದಿತ್ತು. 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿದ್ದ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ, 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು.

ಈಗ ತಾಡಪತ್ರಿಯ ಕೆಳಗಿನ ಗಾಡಿಯ ವಿಚಾರ. ಇಂಜಿನ್ನು ಸಿಕ್ಕಿಕೊಂಡಿದೆಯೆಂದು ಹೆದರಬೇಕಾಗಿಲ್ಲ; ಈ ಇಂಜಿನ್ನುಗಳು ಸರಳ, ಬಿಚ್ಚಿ ಕಟ್ಟುವ ಹಿರಿಯ ಮಿಸ್ತ್ರಿಗಳು ಇನ್ನೂ ಇದ್ದಾರೆ. ಹೆದರಬೇಕಾದುದು ತುಕ್ಕಿಗೆ. ಫಿಯಾಟು, ಅಂಬಾಸಿಡರುಗಳಲ್ಲಿ ಬೇರೆ ಚಾಸಿಯಿಲ್ಲ, ಮೈಯೇ ಬೆನ್ನೆಲುಬು. ಬಾಗಿಲುಗಳ ಕೆಳಗಿನ ಪಟ್ಟಿ, ಹಿಂದಿನ ಸ್ಪ್ರಿಂಗು ಕೂರುವ ಜಾಗ, ಕಾಲಿಡುವ ನೆಲ ಇವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಅಲ್ಲಿ ಹುಡಿ ಉದುರಿದರೆ ಬಣ್ಣ ಎಷ್ಟೇ ಹೊಳೆದರೂ ಆ ಗಾಡಿ ಅಪಾಯ. ಹೆರಾಲ್ಡಿಗೆ ಬೇರೆ ಚಾಸಿಯುಂಟು; ಮೈಯ ತುಂಡುಗಳನ್ನು ಬೋಲ್ಟು ಬಿಚ್ಚಿ ತೆಗೆಯಬಹುದು. ತುಂಡು ಸಿಗುವುದೇ ದುರ್ಲಭ. ಹೊಸಬನು ಕೇಳಿದರೆ ನಾನು ಪದ್ಮಿನಿಯನ್ನೇ ಹೇಳುತ್ತೇನೆ: ಭಾಗಗಳು ಇನ್ನೂ ಒದಗುತ್ತವೆ, ನಡೆಸುವ ಸುಖವೂ ಅದರಲ್ಲೇ ಹೆಚ್ಚು. ಇಂದಿನ ವೇಗದ ಹೆದ್ದಾರಿಯಲ್ಲಿ ಅದರ ಬ್ರೇಕು ಇಂದಿನ ಗಾಡಿಗಳಂತೆ ಹಿಡಿಯದೆಂಬುದನ್ನು ಮಾತ್ರ ಮೊಮ್ಮಗನಿಗೆ ಮೊದಲೇ ತಿಳಿಸಬೇಕು.

ಕಾಗದಪತ್ರದ ದಾರಿ ಎರಡು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ, ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಕಾರಿಗೆ ಅದರ ಶುಲ್ಕವನ್ನು 2022ರಲ್ಲಿ 5,000 ರೂಪಾಯಿಗೆ ಏರಿಸಿದ ಸರಕಾರ, 20 ವರ್ಷ ಮೀರಿದವಕ್ಕೆ 2025ರಲ್ಲಿ 10,000 ಮಾಡಿತು. ಇನ್ನೊಂದು, 50 ವರ್ಷ ಮೀರಿ, ಮೂಲರೂಪ ಕೆಡದ ಗಾಡಿಗಳಿಗೆಂದು 2021ರಲ್ಲಿ ಬಂದ ‘ವಿಂಟೇಜ್’ ನೋಂದಣಿ. ಇದಕ್ಕೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. 1974ರ ಪದ್ಮಿನಿಗಳು ಈಗ ಆ ವಯಸ್ಸನ್ನು ದಾಟಿವೆ. ಆದರೆ ಆ ಫಲಕ ಹೊತ್ತ ಗಾಡಿಯನ್ನು ಪ್ರದರ್ಶನಕ್ಕೆ, ಹಳೆಯ ಕಾರುಗಳ ರ್‍ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗುರುವಾರಕ್ಕೊಮ್ಮೆ ತಪ್ಪದೆ ಅಜ್ಜನ ಫಿಯಾಟಿನಲ್ಲೇ ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೋಗಿಬರಬೇಕೆನ್ನುವ ಮನೆಯವರು ಮೊದಲನೆಯ ದಾರಿಯನ್ನೇ ಹಿಡಿಯಬೇಕು.